ಕಡಲ ಋಣ

ಭಕ್ತನ ಬಾಳು ಋಣವನ್ನರಿತು ನಡೆಯುವ ಬಾಳು. ಪಡೆದುದನ್ನು ಪಡೆದೆನೆಂದು ಒಪ್ಪಿಕೊಳ್ಳುವುದು, ಬೇಕಾದಷ್ಟನ್ನೇ ಕೈಗೆತ್ತಿಕೊಳ್ಳುವುದು, ಮಿಕ್ಕುದನ್ನು ಸಮಾಜಕ್ಕೆ ಸಲ್ಲಿಸುವುದು, ಈ ಮೂರೂ ಕೂಡಿದಲ್ಲಿ ಮಾತ್ರ ಕಾಯಕವು ಕಾಯಕವೆನಿಸುತ್ತದೆ, ದಾಸೋಹವು ದಾಸೋಹವೆನಿಸುತ್ತದೆ. ಮನೆಯ ಕಣಜಕ್ಕೂ ಹೊಲದ ರಾಶಿಗೂ ಈ ತತ್ತ್ವವು ಸಲ್ಲುತ್ತದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಯಾರೊಬ್ಬರ ಒಡೆತನಕ್ಕೂ ಒಳಪಡದ, ಕಣ್ಣಿಗೂ ಕಾಣದಷ್ಟು ದೂರದಲ್ಲಿರುವ ವಸ್ತುವಿನ ವಿಷಯದಲ್ಲಿಯೂ ಅದು ಸಲ್ಲುತ್ತದೆಯೇ? ಸಮುದ್ರವನ್ನು ಕುರಿತು ಇಂದು ಏಳುವ ಪ್ರಶ್ನೆ ಇದೇ.

ಕಲಬುರಗಿಯ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ನಿತ್ಯವೂ ಲಿಂಗಪೂಜೆ ಮಾಡಿಕೊಂಡು, ದುಡಿದು ಉಂಡು, ಬಂದವರಿಗೆ ಬಡಿಸಿ ಬಾಳುವ ಸಜ್ಜನ. ಕಡಲಿನಲ್ಲಿ ಮೀನು ಕಡಮೆಯಾಗುತ್ತಿದೆ, ಕಡಲ ನೀರು ಕಾಯುತ್ತಿದೆ, ಅದರ ಗುಣವೇ ಕೆಡುತ್ತಿದೆ ಎಂಬ ಸುದ್ದಿಯನ್ನು ಅವನು ಪತ್ರಿಕೆಯಲ್ಲಿ ಓದುತ್ತಾನೆ. ಓದಿ, "ನಮ್ಮದು ಬಯಲುಸೀಮೆ. ಎತ್ತ ಹೋದರೂ ಕಡಲು ಮುನ್ನೂರು ಕಿಲೋಮೀಟರಿಗೂ ಆಚೆ. ನಮ್ಮ ಒಲೆಯ ಮೇಲೆ ಮೀನು ಎಂದೂ ಬೆಂದಿಲ್ಲ. ತಿಂದವರ ಪಾಪ ತಿಂದವರಿಗೆ" ಎನ್ನುತ್ತಾನೆ. ಈ ಮಾತಿನಲ್ಲಿ ಕಪಟವಿಲ್ಲ. ತಲೆಮಾರುಗಳಿಂದ ನಡೆಸಿಕೊಂಡು ಬಂದ ಆಹಾರನಿಯಮದ ಬಲ ಆ ಮಾತಿನ ಹಿಂದೆ ಇದೆ. ಆದುದರಿಂದಲೇ ಅದನ್ನು ಅಲ್ಲಗಳೆಯುವ ಮೊದಲು ತೂಗಿ ನೋಡಬೇಕು. ಉಣ್ಣದವನಿಗೂ ಋಣವುಂಟೇ?

ಋಣದ ಲೆಕ್ಕವನ್ನು ಪಡೆದುದರಿಂದ ಆರಂಭಿಸುವುದು ನ್ಯಾಯ. ಆ ಗೃಹಸ್ಥನ ಹೊಲದಲ್ಲಿ ಬೆಳೆಯುವ ತೊಗರಿಗೆ ನೀರೆರೆಯುವವರು ಯಾರು? ಕಲಬುರಗಿಯನ್ನು ತೊಗರಿಯ ಕಣಜವೆಂದು ಕರೆಯುತ್ತಾರೆ. ಆ ತೊಗರಿಯ ಬಹುಭಾಗ ಮಳೆಯನ್ನೇ ನಂಬಿ ನಿಂತ ಬೆಳೆ. ಮುಂಗಾರಿನ ಮೋಡ ಅರಬ್ಬೀ ಸಮುದ್ರದಿಂದ ಏಳುತ್ತದೆ. ಅದು ಕೈಕೊಟ್ಟ ವರ್ಷಗಳಲ್ಲಿ, ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತವು ಭಾದ್ರಪದ ಆಶ್ವಯುಜಗಳಲ್ಲಿ ಈ ಸೀಮೆಯವರೆಗೆ ಬಂದು ಮಳೆ ಸುರಿಸಿದರೆ ಬೆಳೆ ಉಳಿಯುತ್ತದೆ. ಕಡಲನ್ನು ಕಾಣದವನ ಅಂಗಳಕ್ಕೆ ಕಡಲೇ ವರ್ಷವರ್ಷವೂ ನಡೆದು ಬರುತ್ತದೆ. ಇಷ್ಟೇ ಅಲ್ಲ. ಈ ಭೂಮಿಯ ಮೇಲೆ ಹುಟ್ಟುವ ಪ್ರಾಣವಾಯುವಿನಲ್ಲಿ ಸುಮಾರು ಅರ್ಧದಷ್ಟನ್ನು ಕಡಲಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಸಸ್ಯಗಳು ಉತ್ಪತ್ತಿಮಾಡುತ್ತವೆ.

ಇನ್ನೂ ಹತ್ತಿರದ ಸಾಕ್ಷಿಯೊಂದು ಅವನ ಕಾಲ ಕೆಳಗೇ ಇದೆ. ಕಲಬುರಗಿಯ ಮನೆಮನೆಯಲ್ಲಿ ಹಾಸಿರುವುದು ಶಹಾಬಾದಿನ ಕಲ್ಲು, ಜನರ ಬಾಯಲ್ಲಿ ಫರಸಿ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಮೈಚಾಚಿದವನಿಗೆ ಅದರ ತಂಪು ಗೊತ್ತು. ಆ ಕಲ್ಲು ಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಈ ಭೀಮಾತೀರದ ಸೀಮೆಯನ್ನು ಆಳವಿಲ್ಲದ ಕಡಲೊಂದು ಆವರಿಸಿತ್ತು; ಅದರ ತಳದಲ್ಲಿ ಪದರ ಪದರವಾಗಿ ಕುಳಿತ ಸುಣ್ಣದ ಕೆಸರೇ ಗಟ್ಟಿಯಾಗಿ ಇಂದು ಫರಸಿಯಾಗಿದೆಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕಡಲನ್ನು ಕಂಡಿಲ್ಲವೆನ್ನುವವನು ದಿನವೂ ಕಡಲತಳದ ಮೇಲೆಯೇ ಕುಳಿತು ಪೂಜೆ ಮಾಡುತ್ತಿದ್ದಾನೆ. ಪಡೆದ ಲೆಕ್ಕ ಇಷ್ಟು ದೊಡ್ಡದಿರುವಾಗ ಸಂಬಂಧವೇ ಇಲ್ಲವೆನ್ನುವುದು ಸತ್ಯಕ್ಕೆ ಸಲ್ಲದ ಮಾತು.

ಇನ್ನು, ತೆಗೆದುಕೊಂಡ ಲೆಕ್ಕ. ಕರ್ನಾಟಕದ ಕರಾವಳಿ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಎಂಬ ಮೂರು ಜಿಲ್ಲೆಗಳಲ್ಲಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಹಬ್ಬಿದೆ. ಅಲ್ಲಿಯ ಮೀನುಗಾರರು ಹಿಂದೆ ರಂಪಣಿಯೆಂಬ ಉದ್ದನೆಯ ಬಲೆಯನ್ನು ದೋಣಿಯಿಂದ ದಡದ ಸಮೀಪದಲ್ಲಿ ಬಳಸಿ ಬಿಟ್ಟು, ಹತ್ತಾರು ಜನ ಕೂಡಿ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಬಂದ ಬಂಗುಡೆ, ಬೂತಾಯಿಗಳನ್ನು ಪಾಲು ಮಾಡಿಕೊಳ್ಳುತ್ತಿದ್ದರು. ದಡದತ್ತ ಬಂದ ಮೀನು ಅವರದು. ಬಾರದ ಮೀನು ಕಡಲಿನದು. ಸಾಧನವೇ ಒಂದು ಮಿತಿಯಾಗಿತ್ತು. ಮುಂದೆ ಯಂತ್ರದ ದೋಣಿಗಳು ಬಂದವು, ಕಡಲತಳವನ್ನು ಗೋರುವ ಟ್ರಾಲ್ ಬಲೆಗಳು ಬಂದವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದಮೇಲೆ, ಮೀನಿನ ಹಿಂಡು ದಡಕ್ಕೆ ಬರುವವರೆಗೆ ಕಾಯುವ ಅಗತ್ಯವೇ ಉಳಿಯಲಿಲ್ಲ. ಅದು ಇದ್ದಲ್ಲಿಗೇ ಹೋಗಿ ಇಡೀ ಹಿಂಡನ್ನು ಸುತ್ತುಗಟ್ಟಿ ಎತ್ತುವುದು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಹಿಂದೆ ಸರಿಯಿತು. ಅದರೊಡನೆ, ಕಾಯುವುದು ಮತ್ತು ಹಂಚಿಕೊಳ್ಳುವುದು ಎಂಬ ಎರಡು ಗುಣಗಳೂ ಹಿಂದೆ ಸರಿದವು.

ಬಳಿಕ ನಡೆದುದು ಸಾಧನದ ಪೈಪೋಟಿ. ಎರಡು ದೋಣಿಗಳು ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲಿಂಗ್, ರಾತ್ರಿ ಪ್ರಖರ ದೀಪ ಬೆಳಗಿಸಿ ಮೀನನ್ನು ಮರುಳುಗೊಳಿಸಿ ಹಿಡಿಯುವ ಪದ್ಧತಿ, ಇವು ಬಳಕೆಗೆ ಬಂದವು. ಕೇಂದ್ರ ಸರ್ಕಾರ 2017ರಲ್ಲಿ ಇವೆರಡನ್ನೂ ನಿಷೇಧಿಸಬೇಕಾಯಿತು. ಬಲೆಯ ಕಣ್ಣು ಕಿರಿದಾದಷ್ಟೂ ಮರಿಮೀನುಗಳು ಸಿಕ್ಕಿಬೀಳುತ್ತವೆ. ಊಟಕ್ಕೆ ಒದಗದ ಆ ಮರಿಗಳು ಮೀನುಹಿಟ್ಟಿನ ಕಾರ್ಖಾನೆಗಳಿಗೆ ಹೋಗಿ ಕೋಳಿಗೂ ಸೀಗಡಿಗೂ ಮೇವಾಗುತ್ತವೆ. ಒಂದು ಸಲವೂ ಮೊಟ್ಟೆಯಿಡದ ಮೀನನ್ನು ಹಿಡಿದು ಹಿಟ್ಟು ಮಾಡುವುದೆಂದರೆ, ಬಿತ್ತುವ ಬೀಜವನ್ನೇ ಬೀಸಿ ರೊಟ್ಟಿ ತಟ್ಟಿದಂತೆ. ಇದರ ಅರ್ಥ ಒಕ್ಕಲುತನದ ಮನೆಯವರಿಗೆ ಬೇಗ ತಿಳಿಯುತ್ತದೆ.

ಪರಿಣಾಮವು ಲೆಕ್ಕದಲ್ಲಿ ಕಾಣುತ್ತಿದೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. 2021ರಲ್ಲಿ ಬಂದುದು 4 ಸಾವಿರ ಟನ್ನಿಗೂ ಕಡಮೆ. ಬಲೆಯೊಂದೇ ಇದಕ್ಕೆ ಕಾರಣವಲ್ಲ. ಕಡಲಿನ ಬಿಸಿ ಮತ್ತು ಪ್ರವಾಹಗಳ ಏರುಪೇರೂ ಕೂಡಿಕೊಂಡಿದೆ. ಆದರೆ ದುರ್ಭಿಕ್ಷದ ವರ್ಷದಲ್ಲಿ ಕಣಜದ ತಳ ಕೆರೆದವನಿಗೆ ಮುಂದಿನ ಬಿತ್ತನೆ ಕಷ್ಟವೆಂಬುದು ಸ್ಪಷ್ಟ. ಜಗತ್ತಿನ ಲೆಕ್ಕವೂ ಇದೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಎಣಿಕೆಯಂತೆ, 1974ರಲ್ಲಿ ಪರಿಶೀಲಿಸಿದ ಮೀನುಸಂಪತ್ತಿನಲ್ಲಿ ಮಿತಿಮೀರಿ ಹಿಡಿಯಲ್ಪಟ್ಟಿದ್ದು ಶೇ. 10, 2021ರ ಹೊತ್ತಿಗೆ ಅದು ಶೇ. 37ನ್ನು ದಾಟಿತ್ತು. ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ಕಡಲಿನ ಕಾಡ್ ಮೀನು ಸುಮಾರು ಐದು ನೂರು ವರ್ಷ ಯೂರೋಪಿಗೆ ಅನ್ನವಾಗಿತ್ತು. ಅದು ಎಂದೂ ಮುಗಿಯದೆಂದೇ ಜನ ನಂಬಿದ್ದರು. 1992ರಲ್ಲಿ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಮೂವತ್ತು ಸಾವಿರ ಜನರು ಒಮ್ಮೆಲೇ ಕಾಯಕವಿಲ್ಲದವರಾದರು. ನಿಷೇಧವನ್ನು ತೆಗೆದುದು ಮೂವತ್ತೆರಡು ವರ್ಷಗಳ ನಂತರ, 2024ರಲ್ಲಿ; ಅದೂ ಅಲ್ಪ ಪ್ರಮಾಣಕ್ಕೆ ಮಾತ್ರ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಕಥೆಯನ್ನು ಕೇಳಿ ಮೀನುಗಾರನನ್ನು ಹಳಿಯುವುದು ಸುಲಭ. ಆದರೆ ಶರಣಧರ್ಮವು ಕಾಯಕದಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ದೋಣಿ ನಡೆಸುವ ಅಂಬಿಗರ ಚೌಡಯ್ಯನು ಶರಣರ ಸಾಲಿನಲ್ಲಿ ನಿರ್ಭಯವಾಗಿ ನಿಂತವನು. ಅಲೆಯ ಮೇಲೆ ಜೀವವನ್ನು ಪಣವಿಟ್ಟು ದುಡಿಯುವವನ ಶ್ರಮ ನಿಜವಾದ ಶ್ರಮವೇ. ಮೇಲಾಗಿ, ಮಿತಿಯನ್ನು ಮೊದಲು ಬಲ್ಲವನೂ ಅವನೇ. ಮಳೆಗಾಲದಲ್ಲಿ ಬಲೆಯನ್ನು ಮೇಲಕ್ಕಿಟ್ಟು, ಶ್ರಾವಣದ ನೂಲಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಮತ್ತೆ ದೋಣಿಯನ್ನಿಳಿಸುವುದು ಕರಾವಳಿಯ ಹಳೆಯ ಸಂಪ್ರದಾಯ. ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳಿಗಿರುವ ನಿಷೇಧ ಆ ಸಂಪ್ರದಾಯದ ಶಾಸನರೂಪವೆಂದೇ ಹೇಳಬಹುದು. ದೋಷವಿರುವುದು ಕಾಯಕದಲ್ಲಲ್ಲ, ಕಾಯಕದೊಳಗೆ ನುಸುಳಿದ ಅತಿಯಾಸೆಯಲ್ಲಿ. ಆ ಅತಿಯಾಸೆ ಬಲೆ ಹಿಡಿದವನಲ್ಲಿ ಮಾತ್ರ ನೆಲೆಸಿದೆಯೇ ಎಂಬುದೇ ಮುಂದಿನ ವಿಚಾರ.

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಕುರಿಕೋಟೆಯ ಸೇತುವೆಯ ಕೆಳಗೆ ಬೆಣ್ಣೆತೊರೆ ಹರಿಯುತ್ತದೆ, ಮುಂದೆ ಕಮಲಾಪುರ. ಕಮಲಾಪುರದ ಕೆಂಪು ಬಾಳೆ ಹೆಸರಾದುದು. ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದುದು. ಬೇರೆ ಬಾಳೆಗಿಂತ ಹೆಚ್ಚು ಕಾಲ ಹೊಲದಲ್ಲಿ ನಿಂತು, ಹೆಚ್ಚು ನೀರು ಗೊಬ್ಬರಗಳನ್ನು ಬೇಡುವ ಬೆಳೆ ಅದು. ಹಿರಿಯರು ಅದನ್ನು ಕೊಟ್ಟಿಗೆಗೊಬ್ಬರದಿಂದ ಸಾಕಿದರು. ಈಗ ಬಾಳೆಯಿರಲಿ ಕಬ್ಬಿರಲಿ, ಎಲ್ಲ ಸೀಮೆಯ ತೋಟಗಳಲ್ಲಿಯೂ ಯೂರಿಯಾ ಚೀಲ ಸುಲಭದ ದಾರಿಯಾಗಿದೆ. ಜಗತ್ತಿನಲ್ಲಿ ಹೊಲಗಳಿಗೆ ಹಾಕುವ ಸಾರಜನಕದಲ್ಲಿ ಸುಮಾರು ಅರ್ಧವನ್ನಷ್ಟೇ ಬೆಳೆ ಹೀರುತ್ತದೆ. ಉಳಿದುದರಲ್ಲಿ ಒಂದು ಪಾಲು ಗಾಳಿಗೆ, ಒಂದು ಪಾಲು ಮಳೆನೀರಿನೊಡನೆ ಹಳ್ಳಕ್ಕೆ. ಹಳ್ಳದಿಂದ ಬೆಣ್ಣೆತೊರೆಗೆ, ಬೆಣ್ಣೆತೊರೆಯಿಂದ ಕಾಗಿಣೆಗೆ, ಕಾಗಿಣೆಯಿಂದ ಭೀಮೆಗೆ, ಭೀಮೆಯಿಂದ ಕೃಷ್ಣೆಗೆ. ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ದಾರಿಯಲ್ಲಿ ಅಣೆಕಟ್ಟುಗಳಿವೆ, ಹೊರಟುದೆಲ್ಲವೂ ತಲುಪುವುದಿಲ್ಲ. ಆದರೆ ಇಂಥ ಸಾವಿರಾರು ಹಳ್ಳಗಳು ಕೂಡಿದಾಗ ತಲುಪುವುದೇನೂ ಅಲ್ಪವಲ್ಲ.

ತಲುಪಿದ ಗೊಬ್ಬರ ಅಲ್ಲಿ ಏನು ಮಾಡುತ್ತದೆ? ಕಡಲಿನಲ್ಲಿಯೂ ಅದು ಬೆಳೆಯನ್ನೇ ಬೆಳೆಸುತ್ತದೆ. ಪಾಚಿ ಮಿತಿಮೀರಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಬಿಡುತ್ತದೆ. ಆಗ ಅಲ್ಲಿರುವ ಜೀವಿಗಳು ಓಡಿಹೋಗಬೇಕು, ಇಲ್ಲವೇ ಉಸಿರುಗಟ್ಟಿ ಸಾಯಬೇಕು. ಇಂಥ ಮೃತವಲಯಗಳು ಜಗತ್ತಿನ ಕರಾವಳಿಗಳಲ್ಲಿ ನಾನೂರಕ್ಕೂ ಹೆಚ್ಚು ಇವೆಯೆಂದು 2008ರಲ್ಲಿಯೇ ವಿಜ್ಞಾನಿಗಳು ಎಣಿಸಿದ್ದರು. ಬಂಗಾಳ ಕೊಲ್ಲಿಯ ನಡು ಆಳದ ನೀರಿನಲ್ಲಿ ಮೊದಲೇ ಆಮ್ಲಜನಕ ಅತ್ಯಲ್ಪ. ಬಡವನ ಮನೆಗೆ ಸಾಲಗಾರ ನುಗ್ಗಿದಂತೆ ಈ ಹೊರೆ ಅಲ್ಲಿ ಬೀಳುತ್ತದೆ. ಮೀನನ್ನು ತಿನ್ನದೆಯೂ ಮೀನಿನ ಉಸಿರನ್ನು ಕಸಿಯಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಫರಸಿಯ ಕಥೆಯೂ ಇಲ್ಲಿಗೆ ಮುಗಿಯಲಿಲ್ಲ. ಅದೇ ಸುಣ್ಣದ ಕಲ್ಲಿನ ಬಲದಿಂದ ವಾಡಿ, ಸೇಡಂ, ಮಳಖೇಡಗಳ ಸೀಮೆ ಸಿಮೆಂಟಿನ ನಾಡಾಗಿದೆ. ಸಿಮೆಂಟು ಮಾಡುವುದೆಂದರೆ ಮೊದಲು ಸುಣ್ಣದ ಕಲ್ಲನ್ನು ಸುಡುವುದು. ಶುದ್ಧವಾದ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು, 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಡುವ ಕಲ್ಲಿದ್ದಲಿನ ಹೊಗೆ ಬೇರೆ. ಪುರಾತನ ಕಡಲು ಯುಗಯುಗಗಳ ಕಾಲ ಕಲ್ಲಿನೊಳಗೆ ಬಚ್ಚಿಟ್ಟಿದ್ದ ಇಂಗಾಲವನ್ನು ಮಾನವನು ಗೂಡಿನಲ್ಲಿ ಕೆಲವೇ ನಿಮಿಷಗಳಲ್ಲಿ ಬಿಡಿಸುತ್ತಾನೆ. ಗಾಳಿಗೆ ಹೋದುದು ಅಲ್ಲಿಯೇ ನಿಲ್ಲುವುದಿಲ್ಲ. ಮಾನವನು ಹೊರಸೂಸುವ ಈ ಅನಿಲದಲ್ಲಿ ಸುಮಾರು ಕಾಲುಭಾಗವನ್ನು ಇಂದಿನ ಕಡಲು ಹೀರಿಕೊಳ್ಳುತ್ತದೆ. ಹೀರಿದಷ್ಟೂ ಅದರ ನೀರಿನ ಆಮ್ಲತೆ ಏರುತ್ತದೆ. ಕೈಗಾರಿಕೆಯ ಯುಗ ಆರಂಭವಾದಂದಿನಿಂದ ಅದು ಸುಮಾರು ಶೇ. 30ರಷ್ಟು ಏರಿದೆ. ಹಾಗಾದಾಗ ಹವಳಕ್ಕೂ ಚಿಪ್ಪಿನ ಜೀವಿಗಳಿಗೂ ಸುಣ್ಣದ ಮನೆ ಕಟ್ಟಿಕೊಳ್ಳುವುದೇ ದುಸ್ತರವಾಗುತ್ತದೆ. ಮಾನವನು ತನ್ನ ಮನೆ ಕಟ್ಟುವುದಕ್ಕಾಗಿ ಹಳೆಯ ಕಡಲನ್ನು ಸುಟ್ಟು, ಇಂದಿನ ಕಡಲಿನ ಜೀವಿಗಳು ಮನೆ ಕಟ್ಟದಂತೆ ಮಾಡುತ್ತಿದ್ದಾನೆ!

ಹೊಗೆಯಿಂದ ಹೆಚ್ಚಿದ ಬಿಸಿಯಲ್ಲಿ ಶೇ. 90ರಷ್ಟನ್ನು ನುಂಗಿಕೊಂಡುದೂ ಕಡಲೇ. ಕಾದ ಕಡಲು ಹೆಚ್ಚು ಆವಿಯನ್ನು ಎಬ್ಬಿಸುತ್ತದೆ. 2020ರ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ತೆಲಂಗಾಣವನ್ನು ದಾಟಿ ಈ ಸೀಮೆಯ ಮೇಲೆ ಹಾಯ್ದಾಗ ಭೀಮೆ ಉಕ್ಕಿ, ಕಲಬುರಗಿ ಜಿಲ್ಲೆಯ ದಂಡೆಯ ಊರುಗಳು ಜಲಾವೃತವಾದುದನ್ನು ಜನ ಮರೆತಿಲ್ಲ. ಆ ಒಂದು ನೆರೆಗೆ ಇದೊಂದೇ ಕಾರಣವೆಂದು ಹೇಳುವುದು ಸರಿಯಾಗದು. ಆದರೆ ಕಡಲಿನ ಸಹನೆಗೆ ಎಲ್ಲೆಯಿದೆ, ಆ ಎಲ್ಲೆ ಮೀರಿದರೆ ಫಲವುಣ್ಣುವವರಲ್ಲಿ ಬಯಲುಸೀಮೆಯವರೂ ಇರುತ್ತಾರೆ ಎಂಬುದರಲ್ಲಿ ಸಂಶಯವಿಲ್ಲ.

ಇಷ್ಟನ್ನು ಕೇಳಿದ ಗೃಹಸ್ಥನು ಎರಡನೆಯ ಮಾತನ್ನು ಆಡಬಹುದು: "ಹೌದು, ಋಣವಿದೆ. ಆದರೆ ಕಡಲಿನ ಮುಂದೆ ನನ್ನ ಪಾಲು ಎಷ್ಟು? ನಾನೊಬ್ಬ ಬಿಟ್ಟರೆ ಕಡಲು ಉಳಿಯುತ್ತದೆಯೇ?" ಇದು ಮೊದಲಿನದಕ್ಕಿಂತ ಗಟ್ಟಿಯಾದ ಪ್ರಶ್ನೆ. ಪರ್ಸೀನ್ ಬಲೆ ಹಾಕಿದ ಪ್ರತಿಯೊಬ್ಬನೂ ತನ್ನೊಳಗೆ ಹೇಳಿಕೊಂಡುದು ಇದನ್ನೇ: ನಾನು ಹಿಡಿಯದಿದ್ದರೆ ಇನ್ನೊಬ್ಬ ಹಿಡಿಯುತ್ತಾನೆ. ಎಲ್ಲರಿಗೂ ಸೇರಿದ ವಸ್ತು ಯಾರಿಗೂ ಸೇರದ ವಸ್ತುವಾಗಿ ಹಾಳಾಗುವುದು ಈ ಒಂದು ಮಾತಿನಿಂದಲೇ.

ಇದಕ್ಕೆ ಉತ್ತರವನ್ನು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗದಲ್ಲಿ ಕಾಣಬೇಕು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಆ ದಂಪತಿಗಳ ದಾಸೋಹ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಸಂತೋಷಪಡಲಿಲ್ಲ. ಈ ಹೆಚ್ಚಳ ಎಲ್ಲಿಂದ ಬಂತೆಂದು ಕೇಳಿದಳು. ಇದು ಮನಸ್ಸಿನ ಆಸೆಯೆಂದು ಎಚ್ಚರಿಸಿದಳು. ಮಿಕ್ಕ ಅಕ್ಕಿಯನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದಳು. ಇಲ್ಲಿ ಗಮನಿಸತಕ್ಕ ಅಂಶ ಒಂದಿದೆ. ಮಹಾಮನೆಯ ಉಗ್ರಾಣಕ್ಕೆ ಆ ಬೊಗಸೆ ಅಕ್ಕಿಯಿಂದ ಕೊರತೆಯೇನೂ ಆಗುತ್ತಿರಲಿಲ್ಲ. ಕೇಳುವವರೂ ಇರಲಿಲ್ಲ, ತಡೆಯುವವರೂ ಇರಲಿಲ್ಲ. ಚೆಲ್ಲಿದ ಅಕ್ಕಿಗೆ ಒಡೆಯನೇ ಇರಲಿಲ್ಲ. ಆದರೂ ಅವಳು ಹಿಂದಿರುಗಿಸಿದಳು. ಉಗ್ರಾಣ ಬರಿದಾದೀತೆಂದಲ್ಲ, ಬೇಕಾದುದಕ್ಕಿಂತ ಹೆಚ್ಚನ್ನು ಮನೆಯೊಳಗಿಟ್ಟುಕೊಂಡರೆ ಕಾಯಕವೇ ಕೆಡುತ್ತದೆಂದು. ನನ್ನ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಲಕ್ಕಮ್ಮ ಕೇಳಲಿಲ್ಲ. ನನಗೆ ಬೇಕಾದುದು ಎಷ್ಟು ಎಂದು ಕೇಳಿದಳು. ಉಗ್ರಾಣವು ತುಂಬಿದ್ದ ದಿನವೇ ಆ ಪ್ರಶ್ನೆ ಅಷ್ಟು ಅವಶ್ಯವಾಗಿದ್ದರೆ, ಉಗ್ರಾಣದ ತಳ ಕಾಣತೊಡಗಿದ ಇಂದು ಎಷ್ಟು ಅವಶ್ಯ!

ಶಾಸನದಿಂದ ಇದೆಲ್ಲ ನೆರವೇರದೇ ಎಂದು ಕೆಲವರು ಕೇಳಬಹುದು. ಶಾಸನವು ಬೇಕೇಬೇಕು. ಯಾವ ದೇಶಕ್ಕೂ ಸೇರದ ನಡುಗಡಲಿನ ಜೀವಿಗಳ ರಕ್ಷಣೆಗಾಗಿ ರಾಷ್ಟ್ರಗಳು 2023ರಲ್ಲಿ ಒಪ್ಪಿಕೊಂಡ ಒಪ್ಪಂದ 2026ರ ಜನವರಿಯಲ್ಲಿ ಜಾರಿಗೆ ಬಂದಿದೆ, ಅದು ಸ್ವಾಗತಾರ್ಹ. ಆದರೆ ದೀಪದ ಮೀನುಗಾರಿಕೆಗೆ ನಿಷೇಧ ಬಂದಮೇಲೆಯೂ ಅದರ ಬಗ್ಗೆ ದೂರುಗಳು ನಿಂತಿಲ್ಲ. ಕತ್ತಲಲ್ಲಿ ಕಡಲ ಮೇಲೆ ಕಾವಲು ಕಾಯುವವರು ಎಷ್ಟು ಜನ? ಕಾವಲಿಲ್ಲದಲ್ಲಿ ಕಾಯುವುದು ಮನಸ್ಸೊಂದೇ. ಹಾಗೆಯೇ ಮಿತಿಯ ಭಾರವನ್ನೆಲ್ಲ ಬಡ ನಾಡದೋಣಿಯವನ ತಲೆಯ ಮೇಲೆ ಹೊರಿಸಿ, ಉಳ್ಳವರು ತಮ್ಮ ಭೋಗವನ್ನು ಒಂದಿಷ್ಟೂ ಇಳಿಸದಿರುವುದು ನ್ಯಾಯವಲ್ಲ. ಹೆಚ್ಚು ಪಡೆದವನು ಹೆಚ್ಚು ಬಿಡಬೇಕು. ದಾಸೋಹದ ನಿಯಮವೂ ಅದೇ.

ಕಲಬುರಗಿಯು ದಾಸೋಹದ ನೆಲ. ಶರಣಬಸವೇಶ್ವರರು ತಮ್ಮ ಜೋಳದ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಉಣ್ಣಗೊಟ್ಟರೆಂಬ ಕಥೆ ಈ ನಾಡಿನಲ್ಲಿ ಮನೆಮಾತು. ಹಕ್ಕಿಗೂ ಪಾಲಿದೆಯೆಂದು ಒಪ್ಪಿದ ನೆಲಕ್ಕೆ ಮೀನಿಗೂ ಪಾಲಿದೆಯೆಂದು ತಿಳಿಯುವುದು ಕಷ್ಟವಾಗಬಾರದು. ಜಾತ್ರೆಯ ದಾಸೋಹದಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ಬದಲು ಮುತ್ತುಗದ ಎಲೆ, ತೊಳೆದಿಡುವ ಲೋಟ ಬಂದರೆ, ಮೊದಲ ಮಳೆಗೆ ಹಳ್ಳ ಹಿಡಿದು ಹೋಗುವ ಕಸ ಅಷ್ಟು ಕಡಮೆ. ಕಮಲಾಪುರದ ತೋಟಿಗನು ಮಣ್ಣು ಪರೀಕ್ಷೆ ಮಾಡಿಸಿ, ಗೊಬ್ಬರವನ್ನು ಬೇಕಾದಾಗ ಬೇಕಾದಷ್ಟೇ ಕಂತುಕಂತಾಗಿ ಹಾಕಿ, ಸಗಣಿಗೊಬ್ಬರಕ್ಕೆ ಮರಳಿದರೆ ಹಣವೂ ಉಳಿದೀತು, ಹೊಳೆಯೂ ಉಳಿದೀತು. ತೊಗರಿಯಂಥ ಬೆಳೆ ಗಾಳಿಯ ಸಾರಜನಕವನ್ನು ತನ್ನ ಬೇರಿನ ಗಂಟುಗಳಲ್ಲಿ ಹಿಡಿದು, ಬೆಳೆದ ನೆಲಕ್ಕೂ ಒಂದಿಷ್ಟು ಬಿಟ್ಟುಹೋಗುತ್ತದೆ. ಪಡೆದು ಕೊಡುವ ಧರ್ಮವನ್ನು ಅದರಿಂದ ಕಲಿಯಬೇಕು. ಮನೆ ಕಟ್ಟುವವನು ವಾಸಕ್ಕೆ ಬೇಕಾದಷ್ಟು ಕಟ್ಟಲಿ, ಮೆರೆತಕ್ಕಲ್ಲ. ನಗರದ ಹೊಲಸುನೀರು ಶುದ್ಧಿಯಾಗದೆ ಹೊಳೆ ಸೇರಬಾರದೆಂದು ನಾಗರಿಕರು ಕೂಡಿ ಕೇಳಲಿ. ಇವು ಒಂದೊಂದೂ ಸಣ್ಣವೇ. ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿಯೂ ಸಣ್ಣದೇ ಆಗಿತ್ತು.

ಆಹಾರನಿಯಮವನ್ನು ಪಾಲಿಸುವವನು ಪಾಲಿಸಲಿ. ಅದರಿಂದ ಅವನಿಗೆ ಶ್ರೇಯಸ್ಸು. ಆದರೆ ಅದನ್ನೇ ಎಲ್ಲ ಋಣಗಳ ರಸೀತಿಯೆಂದು ತಿಳಿಯದಿರಲಿ. ತಟ್ಟೆಯಲ್ಲಿ ಬಿದ್ದುದು ಏನೆಂಬುದರಷ್ಟೇ ಮುಖ್ಯವಾದುದು, ಒಟ್ಟು ತೆಗೆದುಕೊಂಡುದು ಎಷ್ಟು, ಹಿಂದಕ್ಕೆ ಕೊಟ್ಟುದು ಏನು ಎಂಬುದು. ಪ್ರಸಾದವನ್ನು ಸ್ವೀಕರಿಸುವವನು ಹಸಿವಿನಷ್ಟು ನೀಡಿಸಿಕೊಂಡು, ಒಂದಗುಳನ್ನೂ ಚೆಲ್ಲದೆ ಎದ್ದೇಳುತ್ತಾನೆ. ಮೋಡವೂ ಉಸಿರೂ ಕಲ್ಲೂ ಆಗಿ ಬಂದ ಕಡಲೂ ಪ್ರಸಾದವೇ.

ಬೆಳಗಿನಲ್ಲಿ ಫರಸಿಯ ನೆಲವನ್ನು ತೊಳೆದು ಪೂಜೆಗೆ ಕುಳಿತುಕೊಳ್ಳುವ ಗೃಹಸ್ಥನು, ತೊಳೆದ ನೀರು ಮೋರಿಯನ್ನು ದಾಟಿ ಎಲ್ಲಿಗೆ ಹೋಗುತ್ತದೆಂಬುದನ್ನು ಒಂದು ಕ್ಷಣ ನೆನೆಯಲಿ. ಅದು ಹಳ್ಳವನ್ನೂ ಹೊಳೆಯನ್ನೂ ಹಿಡಿದು ಹೊರಟ ನೀರು. ಕಲ್ಲನ್ನು ಕೊಟ್ಟ ಕಡಲಿಗೆ ಅದರೊಡನೆ ಏನನ್ನು ಕಳುಹಿಸಬೇಕೆಂಬುದು ಅವನ ಕೈಯಲ್ಲಿದೆ.